ಬೆಂಗಳೂರಿಗೆ ಹೋಗುವವರಿಗೆ ಯಾವ ಪಾಸ್ ಲಾಭಕರ?

ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಹೋಗಿಬರುವ ಕುಟುಂಬಗಳಿಗೆ ಪ್ರಯಾಣದ ಖರ್ಚೂ ಒಂದು ಹೊರೆ. ಪಾಸ್ ಕೊಳ್ಳುವ ಮೊದಲು ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಒಳ್ಳೆಯದು.

ಮಹಿಳೆಯರು: 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಊರಿನ ವೇಗದೂತ ಬಸ್ಸಿನಲ್ಲೂ ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿನಲ್ಲೂ ಪ್ರಯಾಣ ಉಚಿತ. ಆದ್ದರಿಂದ ಅವರಿಗೆ ಪಾಸ್ ಬೇಕಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ರಾಜಹಂಸ, ಐರಾವತ, ವಜ್ರ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಪುರುಷರು: ಬಿ.ಎಂ.ಟಿ.ಸಿ.ಯ ಸಾಮಾನ್ಯ ದಿನದ ಪಾಸಿನ ದರ 2025ರ ಜನವರಿಯಲ್ಲಿ 70 ರೂ.ನಿಂದ 80 ರೂ.ಗೆ ಏರಿತು. ಅಂದಿನ ಟಿಕೆಟ್‌ಗಳ ಮೊತ್ತ ಪಾಸಿನ ದರವನ್ನು ಮೀರುವಂತಿದ್ದರೆ ಮಾತ್ರ ಪಾಸ್ ಲಾಭ. ಒಮ್ಮೆ ಹೋಗಿ ಬರುವವರಿಗೆ ಟಿಕೆಟ್ಟೇ ಸಾಕು. ಈ ಪಾಸ್ ಊರಿನ ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ನಡೆಯುವುದಿಲ್ಲ. ಅಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ.

ಮೆಟ್ರೋ: ಶಕ್ತಿ ಯೋಜನೆಯಾಗಲಿ, ಬಸ್ ಪಾಸ್ ಆಗಲಿ ಇಲ್ಲಿ ನಡೆಯುವುದಿಲ್ಲ. ಎರಡೇ ಬಾರಿ ಓಡಾಡುವವರು ಮೆಟ್ರೋದ ದಿನದ ಪಾಸ್ ಕೊಳ್ಳಬೇಕಿಲ್ಲ.

ಕುಟುಂಬಕ್ಕೆಲ್ಲ ಒಂದೇ ಬಗೆಯ ಪಾಸ್ ಕೊಳ್ಳದೆ, ಒಬ್ಬೊಬ್ಬರ ಲೆಕ್ಕ ಬೇರೆಯಾಗಿ ಹಾಕಿರಿ. ಉಳಿದ ಹಣ ಔಷಧಿಗಾದರೂ ಆದೀತು.