ಮೈಗೆ ಆಗಿಬರುವುದು ಎಂದರೆ

ಹೋದ ವರ್ಷ ಪುಣೆಯಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಸಹಿ ಹಾಕಬೇಕಾದ ಕಾಗದ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ನಾನು ಕನ್ನಡದಲ್ಲಿ ಓದಿ ಹೇಳುತ್ತ ಹೋದೆ. ಲೆನ್ಸ್ ‘ಬಯೋಕಂಪ್ಯಾಟಿಬಲ್’ ಎಂಬಲ್ಲಿಗೆ ಬಂದಾಗ ತಡವರಿಸಿದೆ. “ಹೊರಗಿನ ವಸ್ತು, ಮೈಗೆ ಆಗಿಬರುತ್ತೇನೋ?” ಎಂದು ಅಮ್ಮ ಕೇಳಿದಳು. “ಒಳಗಿರೋದು ದೇಹಕ್ಕೆ ಗೊತ್ತೇ ಆಗೋದಿಲ್ಲ ಬಿಡಮ್ಮ” ಎಂದೆ.

ಸಮಾಧಾನಕ್ಕೆ ಹೇಳಿದ ಆ ಮಾತು ಸುಳ್ಳು. ದೇಹಕ್ಕೆ ಗೊತ್ತಾಗುತ್ತದೆ. ಅದು ನಮಗೆ ತಿಳಿದು ನೂರನಲವತ್ತು ವರ್ಷ ದಾಟಿದೆ.

1882ರ ಕೊನೆಯಲ್ಲಿ ಇಟಲಿಯ ಮೆಸ್ಸೀನಾ ಊರಿನಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ತಂಗಿದ್ದ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದ ಹೊತ್ತಿನಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನಿಗೆ ಒಂದು ಯೋಚನೆ ಹೊಳೆಯಿತು. ತೋಟದ ಗುಲಾಬಿಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಜೀವಕೋಶಗಳು ಮುತ್ತಿದ್ದವು. ತಿನ್ನುವ ಈ ಕೋಶಗಳಿಗೆ ‘ಫ್ಯಾಗೊಸೈಟ್’ ಎಂಬ ಗ್ರೀಕ್ ಮೂಲದ ಹೆಸರು ಬಂತು. ಕನ್ನಡದಲ್ಲಿ ಭಕ್ಷಕಕೋಶ ಎನ್ನುತ್ತೇವೆ. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂತು.

ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ, ಒಳಗಿಟ್ಟ ಎಲ್ಲದಕ್ಕೂ ಇದೇ ಮರ್ಯಾದೆ. ಮೊದಲು ರಕ್ತದ ಪ್ರೋಟೀನುಗಳು ಕ್ಷಣಾರ್ಧದಲ್ಲಿ ಅದರ ಮೈಗೆ ಅಂಟುತ್ತವೆ. ಬಿಳಿ ರಕ್ತಕಣಗಳು ಬರುತ್ತವೆ, ಹಿಂದೆಯೇ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಗಳು. ತಿನ್ನಲಾಗದಷ್ಟು ದೊಡ್ಡ ವಸ್ತುವಾದರೆ ಹಲವು ಮ್ಯಾಕ್ರೊಫೇಜ್‌ಗಳು ಬೆಸೆದುಕೊಂಡು ಒಂದೇ ದೈತ್ಯಕೋಶವಾಗುತ್ತವೆ. ಅದೂ ಸಾಲದಾದಾಗ ಸಾಮಾನ್ಯವಾಗಿ ಸುತ್ತಲೂ ಕೊಲಾಜೆನ್ ನಾರಿನ ಗೋಡೆ ಏಳುತ್ತದೆ. ಓಡಿಸಲಾಗದ ನೆಂಟನಿಗೆ ಬೇರೆ ಕೋಣೆ ಕೊಟ್ಟು ಬಾಗಿಲು ಹಾಕಿದ ಹಾಗೆ.

ಹಾಗಾದರೆ ಕಣ್ಣಿನೊಳಗೆ ಪ್ಲಾಸ್ಟಿಕ್ ಇಡುವ ಧೈರ್ಯ ಬಂದದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಗುಂಡು ಬಡಿದ ಬ್ರಿಟಿಷ್ ವಿಮಾನಗಳ ಪರ್‌ಸ್ಪೆಕ್ಸ್ ಮುಚ್ಚಳ ಒಡೆದು, ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಆ ಕಣ್ಣುಗಳನ್ನು ನೋಡಿದ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ, ಚೂರುಗಳು ಒಳಗಿದ್ದರೂ ಕಣ್ಣು ಅಷ್ಟಾಗಿ ಕೆರಳಿಲ್ಲ ಎಂಬುದನ್ನು ಗಮನಿಸಿದ. ಅದಕ್ಕೊಂದು ಷರತ್ತನ್ನೂ ಕಂಡುಕೊಂಡ: ಚೂರಿನ ಚೂಪಾದ ಅಂಚು ಕಣ್ಣಿನ ಸೂಕ್ಷ್ಮವಾದ, ಅಲುಗಾಡುವ ಭಾಗಕ್ಕೆ ತಾಗಿರಬಾರದು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ಮಹಿಳೆಯೊಬ್ಬರ ಕಣ್ಣಿನಲ್ಲಿಟ್ಟ. ಕಣ್ಣಿನಿಂದ ಹೊರಗಿನದನ್ನು ತೆಗೆಯುವುದೇ ವೈದ್ಯರ ಕೆಲಸವಾಗಿದ್ದ ಕಾಲದಲ್ಲಿ ಇವನು ಒಳಗಿಡುತ್ತಿದ್ದಾನೆ ಎಂದು ಹಿರಿಯರು ಸಿಟ್ಟಾದರು. ತೊಡಕುಗಳೂ ಇದ್ದವು: ಕೆಲವು ಲೆನ್ಸ್‌ಗಳು ಜಾರಿದವು, ಕೆಲವು ಕಣ್ಣುಗಳು ಉರಿಯೂತದಿಂದ ಕೆಂಪಾದವು. ಒಪ್ಪಿಗೆ ಸಿಗಲು ದಶಕಗಳೇ ಹಿಡಿದವು. ರಿಡ್ಲಿಗೆ ‘ಸರ್’ ಪದವಿ ಬಂದದ್ದು 2000ದಲ್ಲಿ, ಸಾಯುವ ಹಿಂದಿನ ವರ್ಷ.

ಪರ್‌ಸ್ಪೆಕ್ಸನ್ನು ಬಹುಕಾಲ ‘ಜಡ’ ಎಂದೇ ಕರೆದರು. ಆದರೆ ಕಣ್ಣಿನಲ್ಲಿರುವ ಲೆನ್ಸನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಮೇಲೆ ಮ್ಯಾಕ್ರೊಫೇಜ್‌ಗಳೂ ದೈತ್ಯಕೋಶಗಳೂ ಕಂಡವು. 1986ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಸೇರಿದ ತಜ್ಞರು ಈ ಪದದ ಅರ್ಥವನ್ನೇ ಬದಲಿಸಿದರು. ದೇಹ ಸುಮ್ಮನಿರಬೇಕು ಎಂದಲ್ಲ. ಇಂಥ ಜಾಗದಲ್ಲಿ, ಇಂಥ ಕೆಲಸಕ್ಕೆ ತಕ್ಕ ಹಾಗೆ ಸ್ಪಂದಿಸಬೇಕು. ಅಂದರೆ ಇದು ವಸ್ತುವೊಂದರ ಗುಣವಲ್ಲ, ವಸ್ತುವಿಗೂ ದೇಹಕ್ಕೂ ನಡುವಿನ ಸಂಬಂಧ. ಮೂಳೆಯಲ್ಲಿ ಹೊಂದುವ ಟೈಟಾನಿಯಂ ಹಾಗೆಯೇ ಎಲ್ಲೆಡೆ ಹೊಂದಬೇಕೆಂದಿಲ್ಲ.

ಆಪರೇಷನ್ ಆಗಿ ಎಂಟು ತಿಂಗಳಿಗೆ ಅಮ್ಮನ ಕಣ್ಣು ಮತ್ತೆ ಮಂಜಾಯಿತು. “ಆಗಿಬರಲಿಲ್ಲ ನೋಡು” ಎಂದು ಹೆದರಿದಳು. ಹಳೆಯ ಮಸೂರದ ಉಳಿದ ಜೀವಕೋಶಗಳು ಹೊಸ ಲೆನ್ಸಿನ ಹಿಂದಿನ ತೆಳುಪೊರೆಯ ಮೇಲೆ ಬೆಳೆದಿದ್ದವು, ಹಲವರಿಗೆ ಆಗುವಂಥದ್ದೇ. ಲೇಸರಿನಲ್ಲಿ ಆ ಪೊರೆಗೊಂದು ಕಿಂಡಿ ಮಾಡಿದರು, ಕೆಲವೇ ನಿಮಿಷದ ಕೆಲಸ. ಅವಳ ಆ ಹೆದರಿಕೆಯಲ್ಲಿ ನನ್ನ ಸುಳ್ಳಿನ ಪಾಲಿತ್ತು. ದೇಹಕ್ಕೆ ಗೊತ್ತಾಗುತ್ತದೆ, ಅದು ತನ್ನ ಕೆಲಸ ಮಾಡುತ್ತದೆ ಎಂದು ಮೊದಲೇ ಹೇಳಬಹುದಿತ್ತು.

ಈಗ ಅನುವಾದದಲ್ಲಿ ಈ ಪದ ಬಂದರೆ ನಾನು ‘ದೇಹಸ್ನೇಹಿ’ ಎಂದು ಬರೆಯುವುದಿಲ್ಲ. ‘ಮೈಗೆ ಆಗಿಬರುವ’ ಎಂದು ಬರೆಯುತ್ತೇನೆ. ಯಾರ ಮೈಗೆ, ಎಲ್ಲಿ ಎಂಬ ಪ್ರಶ್ನೆ ಆ ಮಾತಿನಲ್ಲೇ ಇದೆ. ಅಮ್ಮ ಅದನ್ನು ಮೊದಲ ದಿನವೇ ಕೇಳಿದ್ದಳು.