ಕಡಿಮೆ ಹಿಗ್ಗುವ ಎರಕಗಳು: ಒಂದೇ ಅಂಕಿಯ ಮೋಹ

ಯಂತ್ರಭಾಗಗಳಿಗೆ ಕಡಿಮೆ ಹಿಗ್ಗುವ ಎರಕ ಕೇಳಿಕೊಂಡು ಬರುವ ಡಿಸೈನರುಗಳ ಬಾಯಲ್ಲಿ ಈಗ ಇರುವುದು ಒಂದೇ ಅಂಕಿ: ಮೀಟರ್ ಉದ್ದದ ತುಂಡು ಒಂದು ಡಿಗ್ರಿ ಬಿಸಿಗೆ ಎಷ್ಟು ಮೈಕ್ರಾನ್ ಹಿಗ್ಗುತ್ತದೆ? ಅದು ಎಷ್ಟು ಕಡಿಮೆಯೋ ಲೋಹ ಅಷ್ಟು ಉತ್ತಮ ಎಂಬ ನಂಬಿಕೆ ಬೇರೂರಿದೆ. ಈ ಕ್ಷೇತ್ರದ ಇತಿಹಾಸ ಅದನ್ನು ಒಪ್ಪುವುದಿಲ್ಲ.

ಮೊದಲ ಘಟ್ಟ ಎಲ್ಲರಿಗೂ ಗೊತ್ತಿರುವುದೇ. 1896ರಲ್ಲಿ ಫ್ರಾನ್ಸಿನ ಸೆವ್ರ್‌ನಲ್ಲಿ ಗಿಯೋಮ್ ಅವರು ಶೇ. 36 ನಿಕಲ್ ಇರುವ ಇನ್ವಾರ್ ಕಂಡುಕೊಂಡರು. 1920ರಲ್ಲಿ ನೊಬೆಲ್ ಬಂತು. ಉಕ್ಕು 11.5 ಮೈಕ್ರಾನ್ ಹಿಗ್ಗುವಲ್ಲಿ ಇದು ಹಿಗ್ಗುವುದು 1.2 ಮಾತ್ರ. ಜಪಾನಿನ ಮಸುಮೊಟೊ ಕೋಬಾಲ್ಟ್ ಸೇರಿಸಿ ಅದನ್ನೂ ಇಳಿಸಿದರು. ಆದರೆ ಇವೆಲ್ಲ ಹೆಚ್ಚಾಗಿ ಗಡಿಯಾರ, ಅಳತೆಪಟ್ಟಿಗಳ ಲೋಹಗಳು.

ಫೌಂಡ್ರಿಯವರ ಸಮಸ್ಯೆ ಬೇರೆ. ಇನ್ವಾರ್ ಅಚ್ಚಿನಲ್ಲಿ ಸಲೀಸಾಗಿ ಹರಿಯದು, ಟೂಲಿಗೆ ಅಂಟುತ್ತದೆ. ಕಾರ್ಬನ್, ಸಿಲಿಕಾನ್ ಬೆರೆಸಿ ಗ್ರಾಫೈಟ್ ಮೂಡಿಸಿದರೆ ಎರಡೂ ತೊಂದರೆ ತಗ್ಗುತ್ತವೆ. ಶೇ. 35ರಷ್ಟು ನಿಕಲ್ ಇರುವ ಡಿ-5 ನಿ-ರೆಸಿಸ್ಟ್ ಎಂಬ ಬೀಡುಕಬ್ಬಿಣ ಬಂದದ್ದು ಹೀಗೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಲೋಹದಲ್ಲಿ ಕರಗಿ ಉಳಿದ ಕಾರ್ಬನ್ ಮತ್ತು ಸಿಲಿಕಾನ್ ಹಿಗ್ಗುವಿಕೆಯನ್ನು ಸುಮಾರು 5ಕ್ಕೆ ಏರಿಸುತ್ತವೆ. ಮುಂದಿನ ಸಂಶೋಧನೆಯೆಲ್ಲ ಈ 5ನ್ನು ಇಳಿಸುವ ಹಟದಲ್ಲೇ ಕಳೆಯಿತು. ಜಾಣ ಕೆಲಸವೇ, ಆದರೆ ಏಕಮುಖ.

ನಮ್ಮ ತಲೆಮಾರಿನ ಕಣ್ಣು ತೆರೆಸಿದವರು ಲೋಹಶಾಸ್ತ್ರಜ್ಞರಲ್ಲ, ಮಾಪನದವರು. ಯಂತ್ರದ ಒಟ್ಟು ದೋಷದಲ್ಲಿ ಶೇ. 40ರಿಂದ 70 ಶಾಖದಿಂದಲೇ ಬರಬಹುದು ಎಂದು ಅಮೆರಿಕದ ಜೇಮ್ಸ್ ಬ್ರಯಾನ್ 1990ರಲ್ಲಿ ಬರೆದರು. ಈ ಶಾಖ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಸ್ಪಿಂಡಲ್ ಕಡೆ ಬಿಸಿ, ಹಿಂಬದಿ ತಣ್ಣಗೆ ಇದ್ದರೆ ಕಾಲಂ ಬಾಗುತ್ತದೆ. ಒಂದೇ ಪ್ರಮಾಣದ ಶಾಖ ಗೋಡೆ ದಾಟಿ ಸ್ಥಿರವಾಗಿ ಹರಿಯುತ್ತಿದ್ದರೆ, ಬಾಗು ಎಷ್ಟೆಂದು ನಿರ್ಧರಿಸುವುದು ಹಿಗ್ಗುವಿಕೆಯನ್ನು ಉಷ್ಣವಾಹಕತೆಯಿಂದ ಭಾಗಿಸಿದರೆ ಬರುವ ಅಂಕಿ. ಸಾಮಾನ್ಯ ಬೀಡುಕಬ್ಬಿಣಕ್ಕೆ 11ನ್ನು ಸುಮಾರು 50ರಿಂದ ಭಾಗಿಸಿ: 0.22. ಡಿ-5ಕ್ಕೆ 5ನ್ನು 13ರಿಂದ: 0.38. ದುಬಾರಿ ನಿಕಲ್ ಸುರಿದು ಎರೆದ ಕಾಲಂ ಅಗ್ಗದ ಬೀಡಿಗಿಂತ ಹೆಚ್ಚು ಬಾಗುತ್ತದೆ! ಇನ್ವಾರ್‌ಗೆ ಬರುವುದು 0.12, ಅಲ್ಯೂಮಿನಿಯಂ ಎರಕಕ್ಕೆ ಸುಮಾರು 0.15, ಹಿಗ್ಗುವಿಕೆಯಲ್ಲಿದ್ದ ಹತ್ತೊಂಬತ್ತು ಪಟ್ಟು ಅಂತರ ಇಲ್ಲಿ ಬಹುತೇಕ ಕರಗಿಹೋಗುತ್ತದೆ.

ಇನ್ನೊಂದು ಮರೆತ ಸಂಗತಿ. 30 ಡಿಗ್ರಿಯ ಶೆಡ್ಡಿನಲ್ಲಿ ಒಂದು ಮೀಟರ್ ಉದ್ದದ ಉಕ್ಕಿನ ತುಂಡು, 20 ಡಿಗ್ರಿಯ ಪ್ರಮಾಣ ಉದ್ದಕ್ಕಿಂತ 115 ಮೈಕ್ರಾನ್ ಹಿಗ್ಗಿರುತ್ತದೆ. ಬೀಡಿನ ಬೆಡ್ ಹೆಚ್ಚುಕಡಿಮೆ ಅದರ ಜೊತೆಗೇ ಹಿಗ್ಗುತ್ತದೆ. ಇನ್ವಾರ್ ಬೆಡ್ ಹಿಗ್ಗುವುದು 12 ಮಾತ್ರ. ತಿದ್ದುಪಡಿ ಲೆಕ್ಕ ಹಾಕದಿದ್ದರೆ ನೂರು ಮೈಕ್ರಾನ್ ತಪ್ಪು ಕಟ್ಟಿಟ್ಟದ್ದು. ಆಪ್ಟಿಕಲ್ ಚೌಕಟ್ಟಿಗೆ, ಕಾರ್ಬನ್ ಫೈಬರ್ ಅಚ್ಚಿಗೆ ಇನ್ವಾರ್‌ಗೆ ಸಾಟಿಯಿಲ್ಲ, ನಿಜ. ಎಲ್ಲ ಯಂತ್ರಕ್ಕೂ ಅದೇ ಮದ್ದಲ್ಲ.

ಉಳಿದಿರುವ ದೊಡ್ಡ ಕೊರತೆ ಕಾಲದ್ದು. ಇನ್ವಾರ್ ವರ್ಷಗಟ್ಟಲೆ ತಾನಾಗಿಯೇ ಕೊಂಚ ಬೆಳೆಯುತ್ತದೆ, ಅದರಲ್ಲಿ ಕಾರ್ಬನ್ನಿನ ಕೈವಾಡವಿದೆ ಎಂಬುದು ಹಳೆಯ ಜ್ಞಾನ. ಅದಕ್ಕೆಂದೇ 830 ಡಿಗ್ರಿಯಿಂದ ನೀರಿಗದ್ದಿ, 315ರಲ್ಲಿ ಒತ್ತಡ ಕಳೆದು, 95ರಲ್ಲಿ ಮಾಗಿಸುವ ಮೂರು ಹಂತದ ಕ್ರಮವಿದೆ. ಕಾರ್ಬನ್ ತುಂಬಿದ ಎರಕಗಳಿಗೆ ಇಂಥ ಎಚ್ಚರ ಇನ್ನೂ ಹೆಚ್ಚು ಬೇಕು. ಆದರೆ ನನ್ನ ಕೈಗೆ ಬರುವ ಟೆಸ್ಟ್ ಸರ್ಟಿಫಿಕೇಟುಗಳಲ್ಲಿ ರಾಸಾಯನಿಕ ಅಂಶ, ಕರ್ಷಕ ಬಲ ಬಿಟ್ಟರೆ ಮತ್ತೇನೂ ಇರುವುದಿಲ್ಲ.

ಬೆಳಗಾವಿಯ ಫೌಂಡ್ರಿಗಳಿಗೆ, ಬೆಂಗಳೂರಿನ ಯಂತ್ರ ತಯಾರಕರಿಗೆ ನನ್ನ ವಿನಂತಿ ಇಷ್ಟೇ: ಆರ್ಡರ್ ಕೊಡುವಾಗಲೂ ಒಪ್ಪುವಾಗಲೂ ಮೂರು ಅಂಕಿ ಕೇಳಿ. ಯಾವ ತಾಪದಿಂದ ಯಾವ ತಾಪದವರೆಗಿನ ಹಿಗ್ಗುವಿಕೆ, ಉಷ್ಣವಾಹಕತೆ ಎಷ್ಟು, ವರ್ಷಕ್ಕೆ ಎಷ್ಟು ಬೆಳೆಯುತ್ತದೆ. ಮೂರೂ ಸಿಗದಿದ್ದರೆ ಸಾದಾ ಬೀಡೇ ವಾಸಿ.