ವೈಟ್‌ಫೀಲ್ಡಿನ ಜೀವವಾಚಕರು

ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಕೃಷಿವಸತಿಗೆಂದು ಸುಮಾರು 3,900 ಎಕರೆ ಭೂಮಿಯನ್ನು ಕೊಡಮಾಡಿದಂದಿನಿಂದ, ಸಿಂಗಪುರದ ಸಂಸ್ಥೆಗಳು, ಟಾಟಾ ಬಳಗ ಮತ್ತು ರಾಜ್ಯ ಸರ್ಕಾರಗಳ ಸಹಭಾಗಿತ್ವದಲ್ಲಿ ತಂತ್ರಜ್ಞಾನ ಪಾರ್ಕಾದ ಐಟಿಪಿಎಲ್‌ನ ಸೌಧಗಳು ತಲೆಯೆತ್ತಿದ 1990ರ ದಶಕದವರೆಗಿನ ವೈಟ್‌ಫೀಲ್ಡಿನ ಕಥೆಯನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಆ ಸೌಧಗಳೊಳಗೆ, ತಂತ್ರಾಂಶ ವ್ಯವಹಾರದ ಮಗ್ಗುಲಲ್ಲಿಯೇ, ಮಾನವಕೋಶದ ಒಳಬರಹವನ್ನು ಓದುವ ವಿದ್ಯೆಯೊಂದು ಬೇರೂರಿದ ಸಂಗತಿ ನಮ್ಮ ನಗರಚರಿತ್ರೆಗಳಲ್ಲಿ ತಕ್ಕ ಸ್ಥಾನವನ್ನು ಪಡೆದಿಲ್ಲ.

ಈ ವಿದ್ಯೆಯ ಉದಯಕಾಲ 2001. ಕರ್ನಾಟಕ ಸರ್ಕಾರವು ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ಆ ವರ್ಷದಲ್ಲಿಯೇ, ಐಸಿಐಸಿಐನೊಡನೆ ಕೂಡಿ ಅದು ಸ್ಥಾಪಿಸಿದ ಐಬಿಎಬಿ ಎಂಬ ಜೈವಿಕ ಮಾಹಿತಿ ವಿಜ್ಞಾನದ ಸಂಸ್ಥೆಯು ಮಂಜು ಬನ್ಸಲ್ ಅವರ ನಿರ್ದೇಶನದಲ್ಲಿ ಆರಂಭವಾಯಿತು. ಮೊದಲು ಐಟಿಪಿಎಲ್‌ನಲ್ಲಿ ನೆಲೆಸಿದ್ದ ಈ ಸಂಸ್ಥೆ ಅನಂತರ ನಗರದ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಗೆ ಸ್ಥಳಾಂತರಗೊಂಡಿತು. 2001ರ ಆಗಸ್ಟಿನಲ್ಲಿಯೇ, ಸಂಶೋಧನೆಗೆ ಸರ್ಕಾರಿ ಹಣವನ್ನು ವಿನಿಯೋಗಿಸಬಹುದೆಂದು ಅಮೆರಿಕ ಒಪ್ಪಿದ 64 ಭ್ರೂಣ ಆಕರಕೋಶ (ಸ್ಟೆಮ್ ಸೆಲ್) ಸಂತತಿಗಳಲ್ಲಿ ಮೂರು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನವೆಂಬುದು ಹೊರಬಿದ್ದಿತು. ಕೋಶವನ್ನು ಸಾಕುವ ಕೌಶಲ ನಗರದ ಉತ್ತರದಲ್ಲಿ, ಓದುವ ಕೌಶಲ ಪೂರ್ವ ದಕ್ಷಿಣಗಳಲ್ಲಿ. ಇವೆರಡೂ ಸಂಧಿಸಲು ಇನ್ನೂ ಹದಿನೈದು ವರ್ಷ ಕಾಯಬೇಕಾಗಿತ್ತು.

2002ರಲ್ಲಿ ಅಖಿಲೇಶ್ ಪಾಂಡೆ ಅವರು ಐಟಿಪಿಎಲ್‌ನಲ್ಲಿಯೇ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ಕಾರ್ಯವನ್ನು ನಾನು ವಿಶೇಷ ಗೌರವದಿಂದ ಸ್ಮರಿಸುತ್ತೇನೆ. ಯಾವ ಪ್ರೋಟೀನು ಯಾವ ಅಂಗಾಂಶದಲ್ಲಿ ಕಾಣುವುದು, ಯಾವುದರೊಡನೆ ಕೂಡುವುದು, ಯಾವ ವ್ಯಾಧಿಯಲ್ಲಿ ಕೆಡುವುದು ಎಂಬುದನ್ನೆಲ್ಲ ಯಂತ್ರದ ಊಹೆಗೆ ಬಿಡದೆ, ಪ್ರಪಂಚದ ಪ್ರಯೋಗಶಾಲೆಗಳ ಪ್ರಬಂಧಗಳನ್ನು ಒಂದೊಂದಾಗಿ ಓದಿ, ತೂಗಿ, ದಾಖಲಿಸಿದವರು ಅಲ್ಲಿಯ ಜೀವವಿಜ್ಞಾನಿಗಳು. ಮಾನವ ಪ್ರೋಟೀನುಗಳ ಆ ಮಾಹಿತಿಕೋಶ 2003ರಲ್ಲಿ ಲೋಕಕ್ಕೆ ತೆರೆಯಿತು. ಪುರಾತನ ಶಾಸನಗಳನ್ನು ಸಂಪಾದಿಸುವ ವಿದ್ವಾಂಸನು ಅಕ್ಷರಾಕ್ಷರವನ್ನೂ ಪರಿಶೀಲಿಸಿ ಪಾಠವನ್ನು ನಿರ್ಣಯಿಸುವಂತಹ ಶ್ರಮವದು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಮಾನವ ಪ್ರೋಟಿಯೋಮಿನ ಕರಡು ನಕ್ಷೆ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿದ ಆ ಮಹತ್ಕಾರ್ಯ, ಇದೇ ಸಂಸ್ಥೆಯು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದೊಡನೆ ಸೇರಿ ನಡೆಸಿದುದು.

ಇಂತಹ ಸಂಗ್ರಹಗಳಿಂದ ಏನು ಸಾಧ್ಯವೆಂಬುದನ್ನು ಕ್ಯೋಟೋದ ಶಿನ್ಯ ಯಮನಾಕ ಅವರು ತೋರಿಸಿದರು. ದೇಹದ ಕೋಶಗಳೆಲ್ಲವೂ ಬಹುಮಟ್ಟಿಗೆ ಒಂದೇ ಜೀನೋಮನ್ನು ಹೊತ್ತಿದ್ದರೂ, ಚರ್ಮಕೋಶವು ನರಕೋಶದಿಂದ ಭಿನ್ನವಾಗುವುದು ಸುಮಾರು 20,000 ವಂಶವಾಹಿಗಳಲ್ಲಿ ಯಾವುವು ಅಭಿವ್ಯಕ್ತವಾಗುತ್ತವೆ, ಯಾವುವು ಮೌನವಾಗಿರುತ್ತವೆ ಎಂಬುದರಿಂದ. ಭ್ರೂಣ ಆಕರಕೋಶದಲ್ಲಿ ಪ್ರಬಲವಾಗಿ ಅಭಿವ್ಯಕ್ತವಾಗುವ ವಂಶವಾಹಿಗಳನ್ನು ಸಾರ್ವಜನಿಕ ಮಾಹಿತಿಕೋಶಗಳಲ್ಲಿ ಅರಸಿ, ಅವುಗಳಲ್ಲಿ 24ನ್ನು ಆಯ್ದು, ಒಂದೊಂದನ್ನೇ ಕಳೆಯುತ್ತ ಬಂದು, ನಾಲ್ಕೇ ವಂಶವಾಹಿಗಳಿಂದ ಇಲಿಯ ಚರ್ಮಕೋಶವನ್ನು ಆಕರಸ್ಥಿತಿಗೆ ಮರಳಿಸಿದ ವಾರ್ತೆ 2006ರಲ್ಲಿ ಪ್ರಕಟವಾಯಿತು. ಮರುವರ್ಷ ಮಾನವಕೋಶದಲ್ಲಿಯೂ ಅದು ಸಿದ್ಧಿಸಿತು. ಆದರೆ ಹೊಸ ಕೋಶದ ಅಭಿವ್ಯಕ್ತಿಯನ್ನು ಪರೀಕ್ಷಿಸಿದಾಗ ಅದು ಭ್ರೂಣಕೋಶಕ್ಕೆ ಸದೃಶವೇ ಹೊರತು ಅಭಿನ್ನವಲ್ಲವೆಂದು ಕಂಡುಬಂದಿತು. ಆ ನಾಲ್ಕರಲ್ಲೊಂದಾದ ಸಿ-ಮಿಕ್ ಮರಳಿ ಸಕ್ರಿಯಗೊಂಡು ಇಲಿಗಳಲ್ಲಿ ಗಡ್ಡೆಗಳನ್ನು ಹುಟ್ಟಿಸಿದ ಪ್ರಸಂಗವೂ ನಡೆಯಿತು. ಆದುದರಿಂದ ಪ್ರತಿಯೊಂದು ಸಂತತಿಯ ಜೀನೋಮನ್ನೂ ಅಭಿವ್ಯಕ್ತಿಯನ್ನೂ ಓದದೆ ಅದನ್ನು ನೆಚ್ಚುವಂತಿಲ್ಲ. ಸೂಕ್ಷ್ಮದರ್ಶಕಕ್ಕೆ ನಿರ್ದುಷ್ಟವಾಗಿ ತೋರುವ ಕೋಶದೊಳಗೆ ಹೊಸ ವಿಕೃತಿಯೊಂದು ಸೇರಿರಬಹುದು.

ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಆಕರಕೋಶ ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್‌ಗಳೊಡನೆ ಕೂಡಿ 2016ರಲ್ಲಿ ಕೈಗೊಂಡ, ಆಕರಕೋಶಗಳ ಮೂಲಕ ಮಿದುಳಿನ ವ್ಯಾಧಿಗಳನ್ನು ಅರಿಯುವ ಎಡಿಬಿಎಸ್ ಯೋಜನೆಯಲ್ಲಿ ಸಾಕುವವರೂ ಓದುವವರೂ ಕೊನೆಗೆ ಒಂದೆಡೆ ಕಲೆತರು. ಒಬ್ಬರಿಗಿಂತ ಹೆಚ್ಚು ಮಂದಿ ತೀವ್ರ ಮನೋರೋಗದಿಂದ ಬಳಲುತ್ತಿರುವ ಕುಟುಂಬಗಳ ರಕ್ತದಿಂದ ಆಕರಕೋಶಗಳನ್ನು ಪ್ರೇರಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ, ಜೀನೋಮಿನ ಅನುಕ್ರಮವನ್ನೂ ಓದುವುದು ಅದರ ಕ್ರಮ. ಜೀವಂತ ರೋಗಿಯ ಮಿದುಳನ್ನು ಕೊಯ್ದು ನೋಡಲಾಗದ ವೈದ್ಯನಿಗೆ ಇದಕ್ಕಿಂತ ಸಮೀಪದ ದಾರಿ ಬೇರೊಂದು ತೋರುವುದಿಲ್ಲ. ರೋಗಿಯ ಕೋಶವನ್ನು ಯಾರೋ ಅಪರಿಚಿತನ ಕೋಶಕ್ಕೆ ಹೋಲಿಸಿದರೆ ವ್ಯಕ್ತಿವ್ಯಕ್ತಿಗಳ ಸಹಜ ಭೇದಗಳೇ ಅಸಂಖ್ಯವಾಗಿ ರೋಗದ ಗುರುತನ್ನು ಮುಚ್ಚಿಬಿಡುವುವು. ಒಂದೇ ಮನೆಯ ಸ್ವಸ್ಥ ಸೋದರನನ್ನೋ ಸೋದರಿಯನ್ನೋ ಪಕ್ಕದಲ್ಲಿರಿಸಿ ಹೋಲಿಸಿದಾಗ ಆ ಭೇದಗಳು ಎಷ್ಟೋ ಕಡಮೆಯಾಗಿ, ಉಳಿದುವುಗಳಲ್ಲಿ ಕಾರಣವನ್ನು ಅರಸುವುದು ಸಾಧ್ಯವಾಗುತ್ತದೆ. ಅದಕ್ಕೆಂದೇ ಈ ಯೋಜನೆಯವರು ರೋಗಿಯೊಡನೆ ಮನೆಯವರ ರಕ್ತವನ್ನೂ ಬೇಡಿದರು.